ಉಗಿ ಆರಿದರೆ ಉಳಿಯುವುದೇನು? ನೀಲಗಿರಿ ರೈಲು ಮತ್ತು ಪರಂಪರೆಯ ಲೆಕ್ಕಾಚಾರ

‘ಪರಂಪರೆಗಾಗಿ ಹೈಡ್ರೋಜನ್’ ಎಂಬ ಹೆಸರಿನ ಯೋಜನೆಯೊಂದನ್ನು ಭಾರತೀಯ ರೈಲ್ವೆ 2023ರಲ್ಲಿ ದೇಶದ ಮುಂದಿಟ್ಟಿತು. ಪಾರಂಪರಿಕ ಹಾಗೂ ಗುಡ್ಡಗಾಡು ಮಾರ್ಗಗಳಲ್ಲಿ 35 ಹೈಡ್ರೋಜನ್ ರೈಲುಗಳನ್ನು ಓಡಿಸುವುದು, ಪ್ರತಿ ರೈಲಿಗೆ ಅಂದಾಜು 80 ಕೋಟಿ ರೂಪಾಯಿ, ಪ್ರತಿ ಮಾರ್ಗದ ಮೂಲಸೌಕರ್ಯಕ್ಕೆ 70 ಕೋಟಿ ರೂಪಾಯಿ ವೆಚ್ಚ ಮಾಡುವುದು ಆಗ ಸರ್ಕಾರ ನೀಡಿದ ಲೆಕ್ಕ. ಡಾರ್ಜಿಲಿಂಗ್, ಕಾಲ್ಕಾ-ಶಿಮ್ಲಾ, ಮಾಥೇರಾನ್ ಮಾರ್ಗಗಳ ಜೊತೆಗೆ ನೀಲಗಿರಿ ಬೆಟ್ಟದ ರೈಲಿನ ಹೆಸರೂ ಆ ಸಂದರ್ಭದಲ್ಲಿ ಕೇಳಿಬಂದಿತ್ತು.

ಹೊಗೆಯುಗುಳದ ರೈಲು ಬೇಡ ಎನ್ನುವವರು ಇಂದಿನ ದಿನಗಳಲ್ಲಿ ಯಾರೂ ಇರಲಾರರು. ಆದರೆ ಪರಂಪರೆ ಎಂಬ ಪದವನ್ನು ಶೀರ್ಷಿಕೆಯಲ್ಲಿಟ್ಟುಕೊಂಡ ಯೋಜನೆಯೊಂದು ಪರಂಪರೆಯೆಂದರೆ ಏನು ಎಂಬ ಮೂಲ ಪ್ರಶ್ನೆಯನ್ನು ಉತ್ತರಿಸದೆ ಮುಂದೆ ಸಾಗುವಂತಿಲ್ಲ. ಉಳಿಸಬೇಕಾದದ್ದು ಹಳಿಯನ್ನೋ, ಅದರ ಮೇಲೆ ಏರುವ ಎಂಜಿನ್ನನ್ನೋ, ಅಥವಾ ಆ ಎಂಜಿನ್ನನ್ನು ಏರಿಸಬಲ್ಲ ಕೈಗಳ ವಿದ್ಯೆಯನ್ನೋ? ಮೆಟ್ಟುಪಾಳ್ಯಂನಿಂದ ಉದಕಮಂಡಲದವರೆಗಿನ 46 ಕಿಲೋಮೀಟರ್ ಮಾರ್ಗದಲ್ಲಿ ಈ ಪ್ರಶ್ನೆ ಕೇವಲ ತಾತ್ವಿಕವಲ್ಲ. ಅದು ದಿನನಿತ್ಯದ ಆಡಳಿತದ ಪ್ರಶ್ನೆ. ಏಕೆಂದರೆ ಇಲ್ಲಿ ಉಗಿ ಎಂಜಿನ್ ಅಲಂಕಾರದ ವಸ್ತುವಲ್ಲ. ಅದಿಲ್ಲದೆ ಮಾರ್ಗದ ಕಡಿದಾದ ಭಾಗದಲ್ಲಿ ರೈಲು ಮೇಲೇರುವುದೇ ಇಲ್ಲ.

ನೀರನ್ನು ತಾನೇ ಹೊತ್ತ ಎಂಜಿನ್

ಉಗಿ ಎಂಜಿನ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು, ಕಲ್ಲಿದ್ದಲು ಮತ್ತು ನೀರನ್ನು ಹಿಂದೆ ಜೋಡಿಸಿದ ಪ್ರತ್ಯೇಕ ಬಂಡಿಯಲ್ಲಿ ಎಳೆದೊಯ್ಯುವಂಥದು. ನಮ್ಮ ಹಿರಿಯರು ಮುಖ್ಯ ಮಾರ್ಗಗಳಲ್ಲಿ ಕಂಡ ದೊಡ್ಡ ಎಂಜಿನ್‌ಗಳು ಹೆಚ್ಚಾಗಿ ಈ ಬಗೆಯವು. ಇನ್ನೊಂದು, ನೀರಿನ ತೊಟ್ಟಿಯನ್ನೂ ಇಂಧನವನ್ನೂ ತನ್ನ ಮೈಮೇಲೆಯೇ ಹೊತ್ತುಕೊಳ್ಳುವ ಟ್ಯಾಂಕ್ ಎಂಜಿನ್. ತೊಟ್ಟಿ ಬಾಯ್ಲರಿನ ಎರಡು ಬದಿಗಿರಬಹುದು, ಕುದುರೆಯ ಜೀನಿನಂತೆ ಬಾಯ್ಲರಿನ ಮೇಲೆ ಕುಳಿತಿರಬಹುದು, ಅಥವಾ ಚಕ್ರಗಳ ನಡುವೆ ಹೊಟ್ಟೆಯಡಿಯಲ್ಲಿ ಇರಬಹುದು. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾಗಿ ಭಾರತಕ್ಕೆ ಬಂದ ‘ಫೇರಿ ಕ್ವೀನ್’, ಡಾರ್ಜಿಲಿಂಗ್‌ನ ಪುಟ್ಟ ‘ಬಿ’ ವರ್ಗದ ಎಂಜಿನ್‌ಗಳು, ನೀಲಗಿರಿಯ ‘ಎಕ್ಸ್’ ವರ್ಗದ ಎಂಜಿನ್‌ಗಳು ಎಲ್ಲವೂ ಈ ಕುಲಕ್ಕೇ ಸೇರಿದವು.

ಬೆಟ್ಟದ ಹಾದಿಗೆ ಟ್ಯಾಂಕ್ ಎಂಜಿನ್ನನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ನೀರು ಮತ್ತು ಇಂಧನದ ಭಾರ ವ್ಯರ್ಥವಾಗದೆ ಎಂಜಿನ್ನಿನ ಚಕ್ರಗಳ ಮೇಲೆಯೇ ಬೀಳುವುದರಿಂದ ಹಳಿಯ ಮೇಲಿನ ಹಿಡಿತ ಹೆಚ್ಚುತ್ತದೆ. ಪ್ರತ್ಯೇಕ ಬಂಡಿಯನ್ನು ಎಳೆಯುವ ಹೊರೆ ಇರುವುದಿಲ್ಲ. ಉದ್ದ ಕಡಿಮೆಯಾದ್ದರಿಂದ ಕಡಿದಾದ ತಿರುವುಗಳಲ್ಲಿ ಸುಲಭವಾಗಿ ಹೊರಳುತ್ತದೆ. ಪ್ರತಿಯಾಗಿ ತೆರಬೇಕಾದ ಬೆಲೆಯೂ ಉಂಟು: ಹೊರಬಲ್ಲ ನೀರು ಸೀಮಿತ. ಹೀಗಾಗಿ ದಾರಿಯುದ್ದಕ್ಕೂ ಮತ್ತೆ ಮತ್ತೆ ನಿಂತು ನೀರು ಕುಡಿಯಬೇಕು. ನೀಲಗಿರಿ ರೈಲು ಕಾಡಿನ ನಡುವೆ ಊರೇ ಇಲ್ಲದ ಕಡೆಗಳಲ್ಲಿ ನಿಲ್ಲುವುದು ಪ್ರವಾಸಿಗರು ಚಿತ್ರ ತೆಗೆದುಕೊಳ್ಳಲಿ ಎಂದಲ್ಲ, ಎಂಜಿನ್ನಿನ ಬಾಯಾರಿಕೆಗಾಗಿ.

ಹಲ್ಲುಹಳಿಯ ವಿದ್ಯೆ

ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿದ್ದರೆ ಉದಕಮಂಡಲದ ನಿಲ್ದಾಣ ಇರುವುದು 2,200 ಮೀಟರಿಗೂ ಮೇಲೆ. ಈ ನಡುವೆ 208 ತಿರುವುಗಳು, 16 ಸುರಂಗಗಳು, 250 ಸೇತುವೆಗಳು. ಮೊದಲ ಕೆಲವು ಕಿಲೋಮೀಟರ್, ಕಲ್ಲಾರ್‌ವರೆಗೆ, ಬಯಲು ಹಾದಿ. ಕಲ್ಲಾರ್‌ನಿಂದ ಕೂನೂರಿನವರೆಗಿನ ಸುಮಾರು 20 ಕಿಲೋಮೀಟರಿನಲ್ಲಿ ಮಾರ್ಗವು 1,300 ಮೀಟರಿನಷ್ಟು ಮೇಲೇರುತ್ತದೆ. ಕೆಲವೆಡೆ ಹನ್ನೆರಡೂವರೆ ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರಬೇಕು. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಚಕ್ರ ಅಂಥ ಏರನ್ನು ಹತ್ತಲಾರದು, ಜಾರಿಬಿಡುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವೇ ಹಲ್ಲುಹಳಿ. ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಲಾಗಿದೆ. ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ ಅವುಗಳನ್ನು ಕೊಂಚ ಸರಿಸಿ ಇಡಲಾಗಿರುವುದರಿಂದ ಎಂಜಿನ್ನಿನ ಅಡಿಯಲ್ಲಿರುವ ಹಲ್ಲುಚಕ್ರ ಯಾವ ಕ್ಷಣದಲ್ಲೂ ಹಿಡಿತ ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಈ ವ್ಯವಸ್ಥೆ ಭಾರತದಲ್ಲಿ ಈಗ ಬಳಕೆಯಲ್ಲಿರುವುದು ನೀಲಗಿರಿಯಲ್ಲಿ ಮಾತ್ರ.

ಎಕ್ಸ್ ವರ್ಗದ ಎಂಜಿನ್ನಿನ ವೈಶಿಷ್ಟ್ಯ ಅಡಗಿರುವುದು ಇಲ್ಲಿಯೇ. ಅದರಲ್ಲಿರುವುದು ಒಂದೇ ಬಾಯ್ಲರ್, ಆದರೆ ಎರಡು ಯಂತ್ರಗಳು. ನಾಲ್ಕು ಸಿಲಿಂಡರ್‌ಗಳಲ್ಲಿ ಹೆಚ್ಚಿನ ಒತ್ತಡದ ಎರಡು ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಬಯಲು ಹಾದಿಯಲ್ಲಿ ಇವಷ್ಟೇ ಸಾಕು. ಹಲ್ಲುಹಳಿ ಆರಂಭವಾಗುತ್ತಲೇ ಚಾಲಕನು ಆ ಸಿಲಿಂಡರ್‌ಗಳಿಂದ ಹೊರಬಂದ ಉಗಿಯನ್ನು ಕಡಿಮೆ ಒತ್ತಡದ ಇನ್ನೆರಡು ಸಿಲಿಂಡರ್‌ಗಳಿಗೆ ಹರಿಸುತ್ತಾನೆ. ಅವು ಹಲ್ಲುಚಕ್ರಗಳನ್ನು ತಿರುಗಿಸುತ್ತವೆ. ಒಮ್ಮೆ ದುಡಿದ ಉಗಿಯನ್ನೇ ಮತ್ತೊಮ್ಮೆ ದುಡಿಸಿಕೊಳ್ಳುವ ಮಿತವ್ಯಯ ಇದು. ಎಂಜಿನ್ ಸದಾ ರೈಲಿನ ಕೆಳತುದಿಯಲ್ಲಿದ್ದುಕೊಂಡು ಬೋಗಿಗಳನ್ನು ಮೇಲಕ್ಕೆ ತಳ್ಳುತ್ತದೆಯೇ ಹೊರತು ಎಳೆಯುವುದಿಲ್ಲ. ಕೊಂಡಿ ಕಳಚಿದರೂ ಬೋಗಿಗಳು ಕಣಿವೆಯತ್ತ ಉರುಳಿಹೋಗದಿರಲಿ ಎಂಬುದು ಇದರ ಹಿಂದಿನ ಎಚ್ಚರ.

ಮುಂದೆ ಎಂಜಿನ್ ಇಲ್ಲದ ಕಾರಣ ದಾರಿ ನೋಡುವವರು ಬೇರೆ ಬೇಕು. ಪ್ರತಿ ಬೋಗಿಯ ಮುಂಬದಿಯ ಮೊಗಸಾಲೆಯಲ್ಲಿ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಎಲ್ಲಕ್ಕಿಂತ ಮುಂದಿನವನು ಹಳಿಯ ಮೇಲೆ ಬಂಡೆ ಬಿದ್ದಿದೆಯೇ, ಆನೆ ನಿಂತಿದೆಯೇ ಎಂದು ಕಣ್ಣಿಟ್ಟಿರುತ್ತಾನೆ. ಬಾವುಟದ ಸನ್ನೆ ಒಬ್ಬರಿಂದೊಬ್ಬರಿಗೆ ದಾಟಿ ಹಿಂದಿರುವ ಚಾಲಕನನ್ನು ಮುಟ್ಟುತ್ತದೆ. ಹಲ್ಲುಹಳಿಯಲ್ಲಿ ರೈಲಿನ ಗರಿಷ್ಠ ವೇಗ ಗಂಟೆಗೆ 13 ಕಿಲೋಮೀಟರ್. 46 ಕಿಲೋಮೀಟರ್ ಏರಲು ಐದು ಗಂಟೆಗೆ ಸಮೀಪದಷ್ಟು ಸಮಯ ಬೇಕು. ದೇಶದ ಅತ್ಯಂತ ನಿಧಾನದ ರೈಲು ಎಂಬ ಬಿರುದು ಇದಕ್ಕೆ ಸುಮ್ಮನೆ ಬಂದುದಲ್ಲ.

ಒಂದು ಶತಮಾನ ಮೀರಿದ ದುಡಿಮೆ

ನೀಲಗಿರಿಗೆ ರೈಲು ತರುವ ಮಾತು ಮೊದಲು ಕೇಳಿಬಂದದ್ದು 1854ರಲ್ಲಿ. ಹಲ್ಲುಹಳಿ ವಿದ್ಯೆಯ ಮತ್ತೊಬ್ಬ ಆದ್ಯ, ಸ್ವಿಟ್ಜರ್ಲೆಂಡಿನ ನಿಕ್ಲಾಸ್ ರಿಗೆನ್‌ಬಾಕ್ ಅವರ ನೆರವನ್ನು 1882ರಲ್ಲಿ ಕೋರಲಾಯಿತು. ಕಾಮಗಾರಿ ಆರಂಭವಾದದ್ದು 1891ರಲ್ಲಿ. 1899ರಲ್ಲಿ ಕೂನೂರಿನವರೆಗೆ ರೈಲು ಓಡಿತು. ನಷ್ಟದಲ್ಲಿದ್ದ ಖಾಸಗಿ ಕಂಪನಿಯ ಕೈಯಿಂದ ಮಾರ್ಗವನ್ನು 1903ರಲ್ಲಿ ಸರ್ಕಾರ ಕೊಂಡುಕೊಂಡಿತು. ಉದಕಮಂಡಲವನ್ನು ರೈಲು ಮುಟ್ಟಿದ್ದು 1908ರಲ್ಲಿ. ಕಲ್ಪನೆಗೂ ಕೊನೆಯ ನಿಲ್ದಾಣಕ್ಕೂ ನಡುವೆ 54 ವರ್ಷಗಳ ಅಂತರ.

ಆರಂಭದಲ್ಲಿ ಬ್ರಿಟನ್ನಿನ ಬೇಯರ್ ಪೀಕಾಕ್ ಕಾರ್ಖಾನೆಯ ಎಂಜಿನ್‌ಗಳು ಇಲ್ಲಿ ದುಡಿದವು. ಅನಂತರ ಬಂದವೇ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ನಗರದ ‘ಎಸ್‌ಎಲ್‌ಎಂ’ ಕಾರ್ಖಾನೆಯ ಎಕ್ಸ್ ವರ್ಗದ ಎಂಜಿನ್‌ಗಳು. 1914ರಿಂದ 1952ರವರೆಗೆ, ಎರಡು ಮಹಾಯುದ್ಧಗಳನ್ನೂ ಒಂದು ಸ್ವಾತಂತ್ರ್ಯವನ್ನೂ ದಾಟಿ, ಒಟ್ಟು 17 ಎಂಜಿನ್‌ಗಳು ಬಂದವು. ಚಹಾ ತೋಟಗಳ ಸರಕು, ಬೇಸಿಗೆ ರಾಜಧಾನಿಗೆ ಹೊರಟ ಮದರಾಸಿನ ಅಧಿಕಾರಿಗಳು, ವೆಲಿಂಗ್ಟನ್‌ನ ಸೈನಿಕರು, ಅರವಂಕಾಡಿನ ಮದ್ದುಗುಂಡು ಕಾರ್ಖಾನೆಯ ನೌಕರರು, ಕೊನೆಗೆ ಮಧುಚಂದ್ರದ ಜೋಡಿಗಳು ಹೀಗೆ ಕಾಲಕಾಲಕ್ಕೆ ಈ ಎಂಜಿನ್‌ಗಳು ಹೊತ್ತದ್ದೂ ಬದಲಾಯಿತು. ಕೂನೂರಿನಿಂದ ಮೇಲಕ್ಕೆ ಹಲ್ಲುಹಳಿಯ ಅಗತ್ಯವಿಲ್ಲದ್ದರಿಂದ ಅಲ್ಲಿ ಡೀಸೆಲ್ ಎಂಜಿನ್ ಬಂದು ಜಾಗ ಹಿಡಿಯಿತು. ಕೆಳಗಿನ ಕಡಿದಾದ ಭಾಗ ಮಾತ್ರ ಉಗಿಗೇ ಉಳಿಯಿತು.

ಇದೇ ಕಾಲದಲ್ಲಿ ದೇಶದ ಉಳಿದ ಭಾಗದಲ್ಲಿ ಏನಾಯಿತೆಂಬುದನ್ನು ನೆನೆಯಬೇಕು. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಉಗಿ ಎಂಜಿನ್ನನ್ನು 1972ರಲ್ಲಿ ಹೊರತಂದಿತು. ಬ್ರಾಡ್‌ಗೇಜ್ ಮಾರ್ಗದಲ್ಲಿ ನಿಯಮಿತ ಉಗಿ ಸಂಚಾರ 1995ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯಡಿ ಕರ್ನಾಟಕದ ಮೀಟರ್‌ಗೇಜ್ ಮಾರ್ಗಗಳೂ ಒಂದೊಂದಾಗಿ ಬ್ರಾಡ್‌ಗೇಜ್ ಆದವು. ಜನರಿಗೆ ಅದರಿಂದ ಆದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ನೀಲಗಿರಿ ಮಾರ್ಗದ ಪಾಲಿಗೆ ಇದರ ಪರಿಣಾಮವೆಂದರೆ, ಅದು ಬ್ರಾಡ್‌ಗೇಜ್ ಸಾಗರದ ನಡುವಿನ ಮೀಟರ್‌ಗೇಜ್ ದ್ವೀಪವಾಯಿತು. ಬಿಡಿಭಾಗಗಳನ್ನು ಹಂಚಿಕೊಳ್ಳಬಲ್ಲ ನೆರೆಯ ಶೆಡ್‌ಗಳಿಲ್ಲ. ಉಗಿಯ ಕೆಲಸ ಕಲಿತು ವರ್ಗವಾಗಿ ಬರಬಲ್ಲ ಸಿಬ್ಬಂದಿಯಿಲ್ಲ. ದೊಡ್ಡ ದುರಸ್ತಿಗಾಗಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಗೆ ಹೋಗಬೇಕಾದ ಎಂಜಿನ್ ತನ್ನ ಚಕ್ರಗಳ ಮೇಲೆ ಹೋಗಲಾರದು. ಲಾರಿಯ ಟ್ರೇಲರ್ ಏರಬೇಕು.

ಕಲ್ಲಿದ್ದಲೋ ಎಣ್ಣೆಯೋ?

2005ರ ಜುಲೈನಲ್ಲಿ ಯುನೆಸ್ಕೊ ನೀಲಗಿರಿ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಈ ಮನ್ನಣೆ ಪಡೆದಿದ್ದ ಡಾರ್ಜಿಲಿಂಗ್ ರೈಲಿನ ವಿಸ್ತರಣೆಯಾಗಿ ಇದನ್ನು ಪರಿಗಣಿಸಲಾಯಿತು. 2008ರಲ್ಲಿ ಕಾಲ್ಕಾ-ಶಿಮ್ಲಾ ಮಾರ್ಗವೂ ಸೇರಿ ‘ಭಾರತದ ಪರ್ವತ ರೈಲುಗಳು’ ಎಂಬ ಒಂದೇ ಹೆಸರಿನಡಿ ಮೂರೂ ನಿಂತವು. ಇವು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರದೆ ಇಂದಿಗೂ ಸಂಚರಿಸುತ್ತಿರುವ ಮಾರ್ಗಗಳು ಎಂಬುದೇ ಈ ಮನ್ನಣೆಯ ತಿರುಳು.

ಆದರೆ ಸಂಚರಿಸುತ್ತಿರುವ ಯಂತ್ರ ಸವೆಯುತ್ತದೆ. ಸಂರಕ್ಷಣೆಯ ಅತಿದೊಡ್ಡ ಸಂದಿಗ್ಧ ಇದೇ. ನಿಲ್ಲಿಸಿದರೆ ಎಂಜಿನ್ ಉಳಿಯುತ್ತದೆ, ರೈಲು ಸಾಯುತ್ತದೆ. ಓಡಿಸಿದರೆ ರೈಲು ಉಳಿಯುತ್ತದೆ, ಎಂಜಿನ್ ಕರಗುತ್ತದೆ. ನೀಲಗಿರಿಯಲ್ಲಿ ರೈಲ್ವೆ ಆಯ್ದುಕೊಂಡದ್ದು ಎರಡನೆಯ ಹಾದಿಯನ್ನು. ಅದಕ್ಕಾಗಿ ಅದು ಮಾಡಿಕೊಂಡ ಹೊಂದಾಣಿಕೆಗಳು ಗಮನಾರ್ಹ.

ಮೊದಲನೆಯದು ಇಂಧನದ್ದು. ಒಲೆಯಿಂದ ಹಾರುವ ಕಿಡಿ ಬೇಸಿಗೆಯಲ್ಲಿ ಒಣಗಿದ ಕಾಡಿಗೆ ಅಪಾಯ. ಕಲ್ಲಿದ್ದಲಿನ ಗುಣಮಟ್ಟ ಕುಸಿದರೆ ಏರಿನ ನಡುವೆ ಉಗಿಯ ಒತ್ತಡವೂ ಕುಸಿದು ರೈಲು ನಿಲ್ಲುತ್ತದೆ. ಹೀಗಾಗಿ 2000ದ ದಶಕದಲ್ಲಿ ಕೆಲವು ಎಂಜಿನ್‌ಗಳ ಒಲೆಯನ್ನು ತೈಲ ಉರಿಸುವಂತೆ ಮಾರ್ಪಡಿಸಲಾಯಿತು. ಎರಡನೆಯದು ಎಂಜಿನ್ನಿನದೇ. 2011ರಿಂದೀಚೆಗೆ ಪೊನ್ಮಲೈ ಕಾರ್ಖಾನೆ ಎಕ್ಸ್ ವರ್ಗದ ಹೊಸ ಎಂಜಿನ್‌ಗಳನ್ನೇ ತಯಾರಿಸಿತು. ಮೊದಲು ತೈಲ ಉರಿಸುವ ನಾಲ್ಕು, ಬಳಿಕ 2021ರಲ್ಲಿ ಕಲ್ಲಿದ್ದಲು ಉರಿಸುವ ಒಂದು. ದೇಶದಲ್ಲಿ ಉಗಿ ಎಂಜಿನ್ ತಯಾರಿಕೆ ನಿಂತು ಸುಮಾರು ನಾಲ್ಕು ದಶಕಗಳಾದ ಮೇಲೆ, ಬಾಯ್ಲರಿನ ತಗಡು ಬಾಗಿಸುವುದರಿಂದ ಹಿಡಿದು ಹಲ್ಲುಚಕ್ರ ಕೊರೆಯುವವರೆಗಿನ ಕೆಲಸವನ್ನು ಮತ್ತೆ ಮಾಡಿ ತೋರಿಸಿದ ಈ ಕಾರ್ಖಾನೆಯ ಸಾಧನೆಗೆ ಸಲ್ಲಬೇಕಾದಷ್ಟು ಪ್ರಚಾರ ಸಲ್ಲಲಿಲ್ಲ.

ಇಲ್ಲಿ ಶುದ್ಧವಾದಿಗಳ ಆಕ್ಷೇಪವೊಂದಿದೆ. ಹೊಸ ಉಕ್ಕಿನಿಂದ ಮಾಡಿದ ಎಂಜಿನ್ ಪರಂಪರೆ ಹೇಗಾದೀತು? ಎಣ್ಣೆಯಿಂದ ಉರಿಯುವುದು ಹಳೆಯ ಎಕ್ಸ್ ಹೇಗಾದೀತು? ಈ ಪ್ರಶ್ನೆಗೆ ಉತ್ತರ ನಮ್ಮ ಊರುಗಳಲ್ಲಿಯೇ ಇದೆ. ಊರ ದೇವರ ತೇರಿನ ಗಾಲಿ ಸವೆದರೆ ಹೊಸ ಗಾಲಿ ಹಾಕುತ್ತಾರೆ, ಅಚ್ಚು ಮುರಿದರೆ ಅಚ್ಚು ಬದಲಿಸುತ್ತಾರೆ, ಗೆದ್ದಲು ಹಿಡಿದ ತೊಲೆಯ ಜಾಗದಲ್ಲಿ ಬೇರೆ ತೊಲೆ ನಿಲ್ಲಿಸುತ್ತಾರೆ. ಅದು ಹಳೆಯ ತೇರಲ್ಲ ಎಂದು ಯಾರೂ ಹೇಳುವುದಿಲ್ಲ. ತೇರನ್ನು ತೇರಾಗಿಸುವುದು ಅದೇ ಅಳತೆ, ಅದೇ ಕಟ್ಟುವ ಕ್ರಮ, ಅದೇ ಬೀದಿ ಮತ್ತು ಎಳೆಯುವ ಜನ. ಎಳೆಯುವುದನ್ನು ನಿಲ್ಲಿಸಿ ಮಂಟಪದಲ್ಲಿ ಬೀಗ ಹಾಕಿಟ್ಟ ತೇರು ಮಾತ್ರ ಬರೀ ಮರವಾಗುತ್ತದೆ. ಅದೇ ಅಳತೆಯಲ್ಲಿ, ಅದೇ ಕ್ರಮದಲ್ಲಿ, ಅದೇ ಹಳಿಗಾಗಿ ಕಟ್ಟಿದ ಎಂಜಿನ್ ಪರಂಪರೆಯ ಮುಂದುವರಿಕೆಯೇ ಹೌದು.

ಆದರೆ ಈ ವಾದವನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದಕ್ಕೂ ಮಿತಿಯಿದೆ. ಒಲೆಯಲ್ಲಿ ಕಲ್ಲಿದ್ದಲಿನ ಬದಲು ಎಣ್ಣೆ ಉರಿದರೂ ಬಾಯ್ಲರಿನಲ್ಲಿ ನೀರು ಕುದಿಯುತ್ತದೆ, ನಾಲ್ಕು ಸಿಲಿಂಡರ್‌ಗಳೂ ದುಡಿಯುತ್ತವೆ, ಚಾಲಕನ ಕೌಶಲ ಅದೇ ಇರುತ್ತದೆ. ಹೈಡ್ರೋಜನ್ ಕೋಶದಿಂದ ವಿದ್ಯುತ್ ಪಡೆದು ಮೋಟಾರಿನಿಂದ ಓಡುವ ರೈಲಿನಲ್ಲಿ ಇವಾವುವೂ ಇರುವುದಿಲ್ಲ. ಅದು ತೇರಿನ ಗಾಲಿ ಬದಲಿಸಿದಂತಲ್ಲ, ತೇರಿನ ಜಾಗದಲ್ಲಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದಂತೆ.

ಆಲ್ಪ್ಸ್ ಕಲಿಸುವ ಪಾಠ

ಎಕ್ಸ್ ಎಂಜಿನ್‌ಗಳ ತವರಿನಲ್ಲಿ ಏನಾಗಿದೆ ಎಂಬುದು ಹೋಲಿಕೆಗೆ ಉಪಯುಕ್ತ. ಸ್ವಿಟ್ಜರ್ಲೆಂಡಿನ ಫುರ್ಕಾ ಕಣಿವೆಯ ಹಲ್ಲುಹಳಿ ಮಾರ್ಗಕ್ಕಾಗಿ ಇದೇ ವಿಂಟರ್‌ಥೂರ್ ಕಾರ್ಖಾನೆ 1913-14ರಲ್ಲಿ ತಯಾರಿಸಿದ ಟ್ಯಾಂಕ್ ಎಂಜಿನ್‌ಗಳಲ್ಲಿ ಕೆಲವನ್ನು, ಮಾರ್ಗ ವಿದ್ಯುದೀಕರಣಗೊಂಡ ಬಳಿಕ, 1947ರಲ್ಲಿ ವಿಯೆಟ್ನಾಮಿನ ದಾಲಾತ್ ಬೆಟ್ಟದ ರೈಲಿಗೆ ಮಾರಲಾಯಿತು. ಯುದ್ಧದಲ್ಲಿ ಆ ಮಾರ್ಗ ಮುಚ್ಚಿತು. ಎಂಜಿನ್‌ಗಳು ಬೆಟ್ಟದ ಮೇಲೆ ತುಕ್ಕು ಹಿಡಿಯುತ್ತ ಬಿದ್ದಿದ್ದವು. ಇತ್ತ ಫುರ್ಕಾದಲ್ಲಿ ಸುರಂಗವೊಂದು 1982ರಲ್ಲಿ ತೆರೆದು ಹಳೆಯ ಪರ್ವತಮಾರ್ಗವೂ ನಿಂತಿತು. ಆಗ ಮುಂದೆ ಬಂದವರು ಸ್ವಯಂಸೇವಕರು. ಅವರು 1990ರಲ್ಲಿ ವಿಯೆಟ್ನಾಮಿನಿಂದ ಆ ಎಂಜಿನ್‌ಗಳನ್ನು ಹಡಗಿನಲ್ಲಿ ತವರಿಗೆ ತಂದರು, ದುರಸ್ತಿ ಮಾಡಿದರು. ಮಾರ್ಗವನ್ನು ಹಂತಹಂತವಾಗಿ ತೆರೆಯುತ್ತ 2010ರಲ್ಲಿ ಪೂರ್ಣಗೊಳಿಸಿದರು.

ಇದರ ಜೊತೆಗೇ ಇನ್ನೊಂದು ಸಂಗತಿಯಿದೆ. 1992ರಲ್ಲಿ ಅದೇ ವಿಂಟರ್‌ಥೂರ್ ಕಾರ್ಖಾನೆ ಪ್ರವಾಸಿ ಮಾರ್ಗಗಳಿಗಾಗಿ ಹೊಸ ವಿನ್ಯಾಸದ ಹಲ್ಲುಹಳಿ ಉಗಿ ಎಂಜಿನ್‌ಗಳನ್ನು ತಯಾರಿಸಿತು. ಅವು ಹಗುರ ತೈಲ ಉರಿಸುತ್ತವೆ. ಬಾಯ್ಲರಿಗೆ ಶಾಖ ಹೊರಹೋಗದಂತೆ ಹೊದಿಕೆಯಿದೆ. ಒಬ್ಬನೇ ಚಾಲಕ ನಡೆಸಬಲ್ಲ. ಬ್ರೀನ್ಸ್ ರೊಟ್‌ಹಾರ್ನ್ ಬೆಟ್ಟದಲ್ಲಿ ಇಂಥವು ಹಳೆಯ ಕಲ್ಲಿದ್ದಲಿನ ಎಂಜಿನ್‌ಗಳ ಜೊತೆಜೊತೆಗೇ ದುಡಿಯುತ್ತವೆ. ಅಂದರೆ ಉಗಿಯನ್ನು ಬಿಡದೆಯೇ ಹೊಗೆಯನ್ನೂ ವೆಚ್ಚವನ್ನೂ ತಗ್ಗಿಸುವ ಮಾರ್ಗ ಮೂರು ದಶಕಗಳ ಹಿಂದೆಯೇ ಸಿದ್ಧವಾಗಿದೆ. ನಮ್ಮ ಯೋಜನಾಕಾರರ ಮುಂದಿರುವ ಆಯ್ಕೆ ಕರಿಹೊಗೆ ಅಥವಾ ಹೈಡ್ರೋಜನ್ ಎಂಬ ಎರಡೇ ಅಲ್ಲ.

ಮಳೆ, ಟಿಕೆಟ್ ಮತ್ತು ಇ-ಪಾಸ್

ಎಂಜಿನ್ ಸಿದ್ಧವಿದ್ದ ಮಾತ್ರಕ್ಕೆ ರೈಲು ಓಡುವುದೆಂದಿಲ್ಲ. ನೀಲಗಿರಿಯ ಇಳಿಜಾರು ಪ್ರತಿ ಮಳೆಗಾಲದಲ್ಲಿ ಕುಸಿಯುತ್ತದೆ. 2009ರ ನವೆಂಬರ್‌ನ ಭೂಕುಸಿತದಲ್ಲಿ ಜಿಲ್ಲೆಯಲ್ಲಿ ಹತ್ತಾರು ಜೀವಗಳು ಹೋದವು. ಹಳಿಗಳೂ ಕೊಚ್ಚಿಹೋಗಿ ಸಂಚಾರ ದೀರ್ಘಕಾಲ ನಿಂತಿತು. ಆಮೇಲೂ ಈಶಾನ್ಯ ಮುಂಗಾರು ಬಂದಾಗಲೆಲ್ಲ ಕಲ್ಲಾರ್-ಕೂನೂರು ನಡುವೆ ಬಂಡೆ, ಮಣ್ಣು ಉರುಳಿ ರೈಲು ರದ್ದಾಗುವುದು ವಾಡಿಕೆಯಾಗಿದೆ. ಹಳಿಯ ಬದಿಯ ಇಳಿಜಾರನ್ನು ಭದ್ರಪಡಿಸುವುದು, ನೀರು ಹರಿದುಹೋಗುವ ಚರಂಡಿಗಳನ್ನು ಕಾಪಾಡುವುದು, ಬೆಟ್ಟದ ನೆತ್ತಿಯಲ್ಲಿ ಎಗ್ಗಿಲ್ಲದ ನಿರ್ಮಾಣಕ್ಕೆ ತಡೆ ಹಾಕುವುದು ಈ ಕೆಲಸಗಳಿಗೆ ಉದ್ಘಾಟನೆಯ ನಾಡಪಟ್ಟಿ ಕತ್ತರಿಸುವ ಸಂಭ್ರಮವಿಲ್ಲ. ಆದರೆ ರೈಲನ್ನು ಉಳಿಸುವುದು ಇವೇ.

ಇನ್ನು ಟಿಕೆಟ್ಟಿನ ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ಈ ರೈಲನ್ನು ಬಾಡಿಗೆ ಆಧಾರದಲ್ಲಿ ಓಡಿಸಲು ಅನುಮತಿ ದೊರೆತಾಗ, ಪ್ರಯಾಣ ದರ ಸಾವಿರಾರು ರೂಪಾಯಿಗೆ ಏರಿದ್ದನ್ನು ಕಂಡು ನೀಲಗಿರಿಯಲ್ಲಿ ತೀವ್ರ ಆಕ್ಷೇಪ ಎದ್ದಿತು. ಆಕ್ಷೇಪ ಸಹಜ. ವಿಶೇಷ ರೈಲುಗಳಿಂದ ಬರುವ ಹಣ ನಿರ್ವಹಣೆಗೆ ನೆರವಾಗಬಹುದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಮಾಮೂಲಿ ರೈಲಿನ ಬದಲಿಗೆ ದುಬಾರಿ ರೈಲು ಬಂದರೆ, ಆ ಹಳಿಯ ಪಕ್ಕದಲ್ಲೇ ಬದುಕುವ ಬಡಗರು, ತೋಟದ ಕಾರ್ಮಿಕರು, ಶಾಲಾ ಮಕ್ಕಳು ತಮ್ಮದೇ ರೈಲಿಗೆ ಪ್ರೇಕ್ಷಕರಾಗಿ ಉಳಿಯುತ್ತಾರೆ. ಜನರನ್ನು ಹೊರಗಿಟ್ಟು ಉಳಿಸಿದ ಪರಂಪರೆಗೆ ಕಾವಲುಗಾರರೂ ಸಿಗುವುದಿಲ್ಲ.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಬೆಂಗಳೂರು, ಮೈಸೂರುಗಳಿಂದ ಬಂಡೀಪುರದ ಮೂಲಕ ಊಟಿಗೆ ಸಾಗುವ ವಾಹನಗಳ ಸಾಲು ಎಲ್ಲರೂ ಬಲ್ಲರು. ಈ ದಟ್ಟಣೆಯನ್ನು ಕಂಡೇ ಮದ್ರಾಸ್ ಹೈಕೋರ್ಟ್ 2024ರ ಮೇ ತಿಂಗಳಿನಿಂದ ನೀಲಗಿರಿ ಪ್ರವೇಶಿಸುವ ವಾಹನಗಳಿಗೆ ಇ-ಪಾಸ್ ಕಡ್ಡಾಯಗೊಳಿಸಿತು. 2025ರಲ್ಲಿ ಪ್ರವಾಸಿ ವಾಹನಗಳಿಗೆ ದಿನವಹಿ ಮಿತಿಯನ್ನೂ ಹಾಕಿತು. ಬೆಟ್ಟ ಹೊರಲಾರದಷ್ಟು ಕಾರುಗಳು ಬರುತ್ತಿವೆ ಎಂದು ನ್ಯಾಯಾಲಯವೇ ಮನಗಂಡಿರುವಾಗ, ಒಂದು ಶತಮಾನದ ಹಿಂದೆಯೇ ಹಾಕಿಟ್ಟ ಹಳಿಯನ್ನು ಪರ್ಯಾಯ ಸಾರಿಗೆಯ ಭಾಗವಾಗಿ ನೋಡದಿರುವುದು ವಿಪರ್ಯಾಸ. ಎಕ್ಸ್ ಎಂಜಿನ್ ತಳ್ಳಬಲ್ಲ ಬೋಗಿಗಳು ಕೆಲವೇ, ನಿಜ. ಅದೊಂದೇ ಊಟಿಯ ದಟ್ಟಣೆಯನ್ನು ಕರಗಿಸದು. ಆದರೆ ಕೂನೂರು-ಉದಕಮಂಡಲದ ನಡುವಿನ ಸುಮಾರು 18 ಕಿಲೋಮೀಟರಿನಲ್ಲಿ ಹಲ್ಲುಹಳಿಯ ಕಟ್ಟುಪಾಡು ಇಲ್ಲ. ಹೈಡ್ರೋಜನ್ ಅಥವಾ ಬ್ಯಾಟರಿ ರೈಲಿಗೆ ನಿಜವಾದ ಜಾಗ ಅಲ್ಲಿದೆ. ಈಗಲೂ ಅಲ್ಲಿ ದುಡಿಯುತ್ತಿರುವುದು ಡೀಸೆಲ್. ಅದರ ಜಾಗಕ್ಕೆ ಹೊಗೆಯಿಲ್ಲದ ರೈಲು ಬಂದು ದಿನಕ್ಕೆ ಹೆಚ್ಚು ಬಾರಿ ಓಡಿದರೆ ಪರಂಪರೆಗೂ ಧಕ್ಕೆಯಿಲ್ಲ, ಪರಿಸರಕ್ಕೂ ಲಾಭ, ಸ್ಥಳೀಯರಿಗೂ ಅನುಕೂಲ.

ನಿಂತ ಎಂಜಿನ್, ನಡೆವ ಎಂಜಿನ್

ಕೆಲಸ ಮುಗಿಸಿದ ಎಕ್ಸ್ ಎಂಜಿನ್‌ಗಳಲ್ಲಿ ಒಂದು ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯ, 2020ರಲ್ಲಿ ತೆರೆದ ಹುಬ್ಬಳ್ಳಿಯ ಸಂಗ್ರಹಾಲಯಗಳು ನಮ್ಮಲ್ಲೂ ಹಳೆಯ ಎಂಜಿನ್‌ಗಳಿಗೆ ನೆಲೆ ಕೊಟ್ಟಿವೆ. ಇವು ಬೇಕೇ ಬೇಕು. ಮಗುವೊಂದು ಎಂಜಿನ್ನಿನ ಚಕ್ರದ ಎತ್ತರಕ್ಕೆ ತನ್ನನ್ನು ಅಳೆದುಕೊಳ್ಳುವುದು ಇಂಥ ಕಡೆಗಳಲ್ಲಿಯೇ. ಆದರೆ ನಿಂತ ಎಂಜಿನ್ ಉಕ್ಕನ್ನು ಉಳಿಸುತ್ತದೆ, ವಿದ್ಯೆಯನ್ನಲ್ಲ. ಬಾಯ್ಲರಿನ ನೀರಿನ ಮಟ್ಟ ಏರಿನಲ್ಲಿ ಹೇಗೆ ಓರೆಯಾಗುತ್ತದೆ, ಒಲೆಯ ನೆತ್ತಿ ನೀರಿನಿಂದ ಹೊರಬಂದರೆ ಏನು ಅನಾಹುತ, ಹಲ್ಲುಚಕ್ರ ಹಲ್ಲುಹಳಿಗೆ ಕೂಡುವ ಕ್ಷಣದಲ್ಲಿ ಕೈ ಎಷ್ಟು ಹಗುರವಾಗಿರಬೇಕು ಎಂಬುದು ಫಲಕದ ಮೇಲೆ ಬರೆದು ಕಲಿಸುವ ಸಂಗತಿಗಳಲ್ಲ. ಅದು ಒಬ್ಬ ಚಾಲಕನಿಂದ ಮತ್ತೊಬ್ಬನಿಗೆ, ಒಬ್ಬ ಬಾಯ್ಲರ್ ಕೆಲಸಗಾರನಿಂದ ಮತ್ತೊಬ್ಬನಿಗೆ ದಾಟಬೇಕಾದದ್ದು.

ಫೇರಿ ಕ್ವೀನ್‌ನ ಕಥೆ ಇದಕ್ಕೆ ಸಾಕ್ಷಿ. 1909ರಲ್ಲಿ ಸೇವೆಯಿಂದ ನಿವೃತ್ತವಾಗಿದ್ದ ಅದು 1997ರಲ್ಲಿ ದುರಸ್ತಿಗೊಂಡು ಮತ್ತೆ ಹಳಿಗಿಳಿಯಿತು. ಮರುವರ್ಷ ಜಗತ್ತಿನ ಅತಿ ಹಳೆಯ ಚಾಲ್ತಿ ಎಂಜಿನ್ ಎಂಬ ಗಿನ್ನೆಸ್ ಮನ್ನಣೆ ಪಡೆಯಿತು. ಆಗ ಅದು ಸಾಧ್ಯವಾದದ್ದು ಉಗಿಯ ಕಾಲದಲ್ಲಿ ಕೆಲಸ ಕಲಿತ ಕೈಗಳು ಇನ್ನೂ ಇದ್ದುದರಿಂದ. 2011ರಲ್ಲಿ ಶೆಡ್ಡಿನಲ್ಲಿ ನಿಂತಿದ್ದ ಅದೇ ಎಂಜಿನ್ನಿನ ಬಿಡಿಭಾಗಗಳನ್ನು ಕಳ್ಳರು ಬಿಚ್ಚಿಕೊಂಡು ಹೋದರು. ಬಿರುದು ಎಂಜಿನ್ನನ್ನು ಕಾಯುವುದಿಲ್ಲ. ದಿನವೂ ಅದರ ಬಳಿ ಇರುವ ಜನ ಕಾಯುತ್ತಾರೆ.

ಆದ್ದರಿಂದ ನೀಲಗಿರಿಯ ವಿಷಯದಲ್ಲಿ ರೈಲ್ವೆ ಮಾಡಬೇಕಾದ ಕೆಲಸಗಳು ಸ್ಪಷ್ಟ. ಕಲ್ಲಾರ್-ಕೂನೂರು ನಡುವಿನ ಹಲ್ಲುಹಳಿ ಉಗಿಗೇ ಮೀಸಲು ಎಂಬ ಲಿಖಿತ ಬದ್ಧತೆ ಮೊದಲು ಬೇಕು. ಪೊನ್ಮಲೈ ಕಾರ್ಖಾನೆಯಲ್ಲಿ ಉಗಿ ಎಂಜಿನ್ ವಿಭಾಗಕ್ಕೆ ಒಂದೊಂದು ಆದೇಶದ ಮೇಲೆ ಅವಲಂಬಿಸದ ಕಾಯಂ ಅಸ್ತಿತ್ವ ಬೇಕು. ಅಲ್ಲಿ ಯುವ ಕಾರ್ಮಿಕರಿಗೆ ಕಲಿಕೆಯ ವ್ಯವಸ್ಥೆ ಇರಬೇಕು. ಕಲಿತವರನ್ನು ಮರುವರ್ಷವೇ ಬೇರೆಡೆಗೆ ವರ್ಗಾಯಿಸಬಾರದು. ತೈಲ ಉರಿಸುವ ಒಲೆಯನ್ನು ಇನ್ನಷ್ಟು ಶುದ್ಧಗೊಳಿಸುವ ಪ್ರಯೋಗ ನಡೆಯಬೇಕು, ಒಂದೆರಡು ಎಂಜಿನ್‌ಗಳನ್ನಾದರೂ ಮೂಲದ ಕಲ್ಲಿದ್ದಲಿನಲ್ಲೇ ಉಳಿಸಿಕೊಳ್ಳಬೇಕು. ಇಳಿಜಾರಿನ ಭದ್ರತೆಗೆ ಪ್ರತ್ಯೇಕ ಹಣ ಇಡಬೇಕು. ಮಾಮೂಲಿ ದರದ ದೈನಿಕ ರೈಲು ಯಾವ ಕಾರಣಕ್ಕೂ ನಿಲ್ಲಬಾರದು.

ಒಂದು ಮಾರ್ಗಕ್ಕೆ 70 ಕೋಟಿ, ಒಂದು ರೈಲಿಗೆ 80 ಕೋಟಿ ರೂಪಾಯಿ ತೊಡಗಿಸಲು ಸಿದ್ಧವಿರುವ ಇಲಾಖೆಗೆ ಈ ಪಟ್ಟಿ ಭಾರವಾಗಲಾರದು. ಬೇಕಿರುವುದು ಹಣಕ್ಕಿಂತ ಮಿಗಿಲಾಗಿ ಸ್ಪಷ್ಟತೆ. ಹೊಸ ತಂತ್ರಜ್ಞಾನಕ್ಕೆ ದೇಶದಲ್ಲಿ ಅರವತ್ತು ಸಾವಿರ ಕಿಲೋಮೀಟರಿಗೂ ಮೀರಿದ ರೈಲುಮಾರ್ಗ ತೆರೆದಿದೆ. ಹಲ್ಲುಹಳಿ ಹಿಡಿದು, ಹತ್ತು ಚಕ್ರಗಳ ಮೇಲೆ ತನ್ನ ನೀರನ್ನು ತಾನೇ ಹೊತ್ತು, ಬೆಟ್ಟವನ್ನು ನಿಧಾನವಾಗಿ ಏರುವ ಎಂಜಿನ್ನಿಗೆ ಉಳಿದಿರುವುದು ಇಪ್ಪತ್ತು ಕಿಲೋಮೀಟರ್. ಅಷ್ಟನ್ನು ಅದಕ್ಕೆ ಬಿಟ್ಟುಕೊಡುವುದು ಔದಾರ್ಯವಲ್ಲ, 2005ರಲ್ಲಿ ನಾವು ಜಗತ್ತಿಗೆ ಕೊಟ್ಟ ಮಾತು.